ಉಚ್ಚಂಗಿಯನ್ನು ಓದುವ ಬಗೆ

ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಆಭ್ಯಂತರ ತಪಸ್ಸುಗಳಲ್ಲಿ ಒಂದೆಂದು ಎಣಿಸಿ ಅದಕ್ಕೆ ಐದು ಅಂಗಗಳನ್ನು ಹೇಳುತ್ತದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದಿದ ಕೂಡಲೆ ಬೋಧಿಸಲು ತೊಡಗುವ ಆತುರಕ್ಕೆ ಈ ಕ್ರಮದಲ್ಲಿ ಎಡೆಯಿಲ್ಲ. ಓದಿನ ಬೆನ್ನಿಗೇ ಬರುವುದು ಪ್ರಶ್ನೆ. ಉಪದೇಶಕ್ಕೆ ಕಟ್ಟಕಡೆಯ ಸ್ಥಾನ. ಶಾಸ್ತ್ರದ ಓದಿಗೆ ಹೇಳಿದ ಈ ಕ್ರಮವನ್ನು ಇತಿಹಾಸದ ಓದಿಗೂ ಹಿಡಿದರೆ ಏನು ಕಾಣುತ್ತದೆ ಎಂಬುದಕ್ಕೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯೇ ಒಂದು ಒಳ್ಳೆಯ ಉದಾಹರಣೆ. ಮಳೆ ಕಡಿಮೆಯ ಈ ನೆಲದಲ್ಲಿ ಶಾಸನಗಳಿಗೆ ಬರವಿಲ್ಲ. ಕಾದಂಬರಿಗೂ ಆತ್ಮಕಥೆಗೂ ಬರವಿಲ್ಲ.

ಈ ಐದೂ ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಆ ಜಿಲ್ಲೆ ರಚನೆಯಾದುದು 2021ರಲ್ಲಿ. ಅದಕ್ಕೆ ಮುನ್ನ ಇವು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಹರಪನಹಳ್ಳಿ ಮಾತ್ರ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಮರಳಿ ಬಂದಿತು. ಇನ್ನೂ ಹಿಂದೆ, 1953ರ ಅಕ್ಟೋಬರ್ 1ರವರೆಗೆ, ಇಡೀ ಸೀಮೆ ಮದರಾಸಿನ ಆಡಳಿತದಲ್ಲಿತ್ತು. ಇದು ಬರಿಯ ಕಂದಾಯದ ಲೆಕ್ಕವಲ್ಲ, ಓದಿನ ಮೇಲೂ ಇದರ ಪರಿಣಾಮವಾಗಿದೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕ ಮಾಲೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಶ್ರವಣಬೆಳಗೊಳದ ಸಂಪುಟ 1889ರಲ್ಲಿ ಹೊರಬಂದಿತು, ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿ 1923ರಲ್ಲಿ ಮತ್ತೆ ಹೊರತಂದರು. ಬಳ್ಳಾರಿ ಸೀಮೆಯ ಕಲ್ಲುಗಳಾದರೋ ಬೇರೊಂದು ಮಾಲೆಯಲ್ಲಿ, ದಕ್ಷಿಣ ಭಾರತದ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ, 1939ರಲ್ಲಿ ಅಚ್ಚಾದವು. ಒಂದೇ ಯುದ್ಧದ ಗೆಲುವು ಒಂದು ಮಾಲೆಯಲ್ಲಿ, ಆ ಯುದ್ಧ ನಡೆದ ನೆಲದ ಕಲ್ಲುಗಳು ಇನ್ನೊಂದು ಮಾಲೆಯಲ್ಲಿ. ಒಂದನ್ನೇ ಮನೆಯ ಕಪಾಟಿನಲ್ಲಿ ಇಟ್ಟುಕೊಂಡ ವಾಚಕನಿಗೆ ಅರ್ಧ ಕಥೆಯೇ ಪೂರ್ಣ ಕಥೆಯೆಂದು ತೋರಿದರೆ ಆಶ್ಚರ್ಯವಿಲ್ಲ.

ಆ ಯುದ್ಧ ಯಾವುದೆಂಬುದು ಬಹುಮಂದಿ ವಾಚಕರಿಗೆ ತಿಳಿದಿರಬಹುದು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವು ಹತ್ತನೆಯ ಶತಮಾನದಲ್ಲಿ ನೊಳಂಬರ ಬಲವಾದ ಕೋಟೆಗಳಲ್ಲಿ ಒಂದು. ಗಂಗ ದೊರೆ ಮಾರಸಿಂಹನು ಅದನ್ನು ಗೆದ್ದು ನೊಳಂಬರನ್ನು ಸದೆಬಡಿದು ‘ನೊಳಂಬಕುಲಾಂತಕ’ ಎಂಬ ಬಿರುದನ್ನು ಧರಿಸಿದನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಬಸದಿಗಳ ಆವರಣದ ದಕ್ಷಿಣ ದ್ವಾರದಲ್ಲಿ ನಿಂತಿರುವ ಕೂಗೆ ಬ್ರಹ್ಮದೇವರ ಕಂಬದಲ್ಲಿ ಅವನ ಈ ವಿಜಯಗಳೆಲ್ಲ ವಿಸ್ತಾರವಾಗಿ ಕೆತ್ತಲ್ಪಟ್ಟಿವೆ. ಅದೇ ಕಂಬ ಅವನ ಕೊನೆಯ ದಿನಗಳನ್ನೂ ಹೇಳುತ್ತದೆ: ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನು ನೋಂತು ಅವನು ಸಮಾಧಿಯನ್ನು ಹೊಂದಿದನು. ಇದು ಕ್ರಿ.ಶ. 974ರ ಸುಮಾರಿನ ಮಾತು. ಅವನ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನು ತನ್ನ ಪುರಾಣದಲ್ಲಿ (978) ತನ್ನ ಬಿರುದುಗಳಿಗೆ ಕಾರಣವಾದ ಕಾಳಗಗಳನ್ನು ಹೇಳುವಾಗ, ‘ವೀರಮಾರ್ತಾಂಡ’ ಎಂಬುದು ಗೋನೂರ ಬಯಲಿನಲ್ಲಿ ನೊಳಂಬರೊಡನೆ ಕಾದಿ ಬಂದುದೆಂದೂ, ‘ರಣರಂಗಸಿಂಗ’ ಎಂಬುದು ಉಚ್ಚಂಗಿಯ ಕೋಟೆಯಲ್ಲಿ ತೋರಿದ ಪರಾಕ್ರಮದಿಂದ ಬಂದುದೆಂದೂ ತಿಳಿಸುತ್ತಾನೆ.

ಜೈನ ಮನೆತನಗಳ ಮಕ್ಕಳು ಈ ಇಬ್ಬರ ಹೆಸರನ್ನೂ ಅಭಿಮಾನದಿಂದ ಕೇಳುತ್ತ ಬೆಳೆಯುತ್ತಾರೆ. ಅದು ಸಹಜ. ಗೊಮ್ಮಟನನ್ನು ನಿಲ್ಲಿಸಿದವನು, ಕನ್ನಡ ಗದ್ಯಕ್ಕೆ ಒಂದು ಮಹಾಗ್ರಂಥವನ್ನು ಕೊಟ್ಟವನು ಚಾವುಂಡರಾಯ. ಆದರೆ ‘ಕುಲಾಂತಕ’ ಎಂಬ ಶಬ್ದದ ಅರ್ಥವನ್ನು ಒಂದು ಕ್ಷಣ ಬಿಡಿಸಿ ನೋಡಬೇಕು. ಒಂದು ವಂಶಕ್ಕೆ ಯಮನಾದವನು ಎಂಬುದೇ ಅದರ ಅರ್ಥ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಓದುಗನು ಈ ಬಿರುದನ್ನು ಯಾವ ಭಾವದಿಂದ ಓದಬೇಕು? ಹರಪನಹಳ್ಳಿಯಲ್ಲಿ ಹುಟ್ಟಿ ಉಚ್ಚಂಗಿಯ ಬೆಟ್ಟವನ್ನು ನಿತ್ಯ ಕಂಡವನು ಅದನ್ನು ಯಾವ ಭಾವದಿಂದ ಓದಬೇಕು? ಈ ಇಬ್ಬರೂ ಒಬ್ಬನೇ ವ್ಯಕ್ತಿಯಾಗಿರುವುದೂ ಉಂಟು. ಆ ಸೀಮೆಯಲ್ಲಿ ಜೈನ ಮನೆಗಳು ಇಂದಿಗೂ ಇವೆ.

ಇಲ್ಲಿ ಸಾಮಾನ್ಯವಾಗಿ ಕೊಡುವ ಸಮಾಧಾನವೊಂದಿದೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಆಕ್ರಮಣವನ್ನು ತಡೆಯಲು ಗೃಹಸ್ಥನು ಮಾಡುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವೆನ್ನುತ್ತಾರೆ. ತತ್ತ್ವವಾಗಿ ಇದು ಸರಿಯೇ. ಆದರೆ ಕೂಗೆ ಕಂಬದ ಶಾಸನವು ಉಚ್ಚಂಗಿಯ ಯುದ್ಧವನ್ನು ಆತ್ಮರಕ್ಷಣೆಯೆಂದು ವರ್ಣಿಸುವುದಿಲ್ಲ, ದಿಗ್ವಿಜಯವೆಂದೇ ವರ್ಣಿಸುತ್ತದೆ. ಶಾಸನವು ಹೇಳದ ನೆಪವನ್ನು ಓದುಗನು ತಾನಾಗಿ ಒದಗಿಸಿಕೊಡುವುದು ಮಾರಸಿಂಹನಿಗೆ ಮಾಡುವ ಉಪಕಾರವಲ್ಲ, ಸತ್ಯವ್ರತಕ್ಕೆ ಮಾಡುವ ಅಪಚಾರ. ಇನ್ನೊಂದು ಸಂಗತಿ ಇದಕ್ಕಿಂತ ಕುತೂಹಲಕರವಾಗಿದೆ. ಆ ಕಂಬವು ಕುಲಾಂತಕನೆಂಬ ಬಿರುದನ್ನೂ ಸಮಾಧಿಮರಣವನ್ನೂ ಒಂದೇ ಉಸಿರಿನಲ್ಲಿ ಹೊಗಳುತ್ತದೆ. ಅವೆರಡರ ನಡುವೆ ವಿರೋಧವಿದೆಯೆಂದು ಅದಕ್ಕೆ ತೋರಿದಂತೆಯೇ ಇಲ್ಲ. ವಿರೋಧ ತೋರುವುದು ಇಂದಿನ ಓದುಗನಿಗೆ. ಶಾಸನದ ಕಾಲದ ಮನಸ್ಸು ಹಾಗಿತ್ತೆಂಬುದನ್ನು ಒಪ್ಪಿಕೊಂಡು, ಇಂದಿನ ಪ್ರಶ್ನೆಯನ್ನೂ ಬಿಟ್ಟುಕೊಡದೆ ಓದುವುದು ಕಷ್ಟದ ಕೆಲಸ. ಪೃಚ್ಛನೆಯೆಂದರೆ ಇದೇ.

ವಿಶಾಲವಾಗಿ ಓದುವವನಿಗೆ ಇನ್ನೊಂದು ಅಂಶವೂ ಕಾಣುತ್ತದೆ. ಯಾವ ಕುಲಕ್ಕೆ ಅಂತಕನಾದೆನೆಂದು ಮಾರಸಿಂಹನು ಬಿರುದು ಧರಿಸಿದನೋ ಆ ನೊಳಂಬ ಕುಲ ಅಳಿಯಲಿಲ್ಲ. ಹನ್ನೊಂದನೆಯ ಶತಮಾನದ ಆರಂಭದಲ್ಲೇ ನೊಳಂಬ ಅರಸರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಆಳುತ್ತಿದ್ದುದು ಶಾಸನಗಳಿಂದ ತಿಳಿಯುತ್ತದೆ. ಗಂಗರ ತಲಕಾಡೇ ಅಷ್ಟರಲ್ಲಿ ಚೋಳರ ಕೈಸೇರಿತ್ತು. ಉಚ್ಚಂಗಿಯಾದರೋ ಮುಂದೆ ಪಾಂಡ್ಯರೆಂಬ ಇನ್ನೊಂದು ಮನೆತನದ ರಾಜಧಾನಿಯಾಯಿತು. ಅದನ್ನು ಹೊಯ್ಸಳ ಇಮ್ಮಡಿ ಬಲ್ಲಾಳನು ಗೆದ್ದು ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎಂಬ ಬಿರುದುಗಳನ್ನು ಪಡೆದನು. ಶನಿವಾರ ಕೋಟೆ ಕೈಸೇರಿತೆಂಬುದೇ ಆ ಎರಡನೆಯ ಬಿರುದಿನ ಹಿನ್ನೆಲೆ. ಒಂದೇ ಬೆಟ್ಟ ಎಷ್ಟು ಜನರ ಬಿರುದುಗಳನ್ನು ಹೊತ್ತಿದೆ! ಬಿರುದು ಘಟನೆಯ ಸಾಕ್ಷ್ಯವಾಗಬಹುದು, ಘಟನೆಯ ಅಳತೆಗೋಲಾಗಲಾರದು.

ಕಲ್ಲಿನ ಬರಹವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಪ್ರಶ್ನೆಗೆ ಕೋಗಳಿ ಇನ್ನೊಂದು ಪಾಠವನ್ನು ಕಲಿಸುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಗ್ರಾಮ ಒಂದು ಕಾಲಕ್ಕೆ ಕೋಗಳಿ ಐನೂರು ಎಂಬ ನಾಡಿನ ಮುಖ್ಯಸ್ಥಾನ, ಪ್ರಸಿದ್ಧ ಜೈನ ಕೇಂದ್ರ. ಇಲ್ಲಿಯ ಬಸದಿಯನ್ನು ಗಂಗ ದುರ್ವಿನೀತನು ಕಟ್ಟಿಸಿದನೆಂದು ಶಾಸನವೊಂದು ಹೇಳುತ್ತದೆ. ಕವಿರಾಜಮಾರ್ಗವು ಗದ್ಯಕವಿಗಳ ಸಾಲಿನಲ್ಲಿ ಹೆಸರಿಸುವ ದುರ್ವಿನೀತನೇ ಇವನು, ಆರನೆಯ ಶತಮಾನದವನು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆದರೆ ಆ ಮಾತನ್ನು ಹೇಳುವ ಶಾಸನ 1055ರದು, ಇಂದ್ರಕೀರ್ತಿ ಮುನಿಗಳ ದಾನವನ್ನು ದಾಖಲಿಸುವುದು. ನಡುವೆ ಐನೂರು ವರ್ಷಗಳಷ್ಟು ಅಂತರವಿದೆ. ಆದ್ದರಿಂದ ಎಚ್ಚರದ ಓದುಗನು ‘ದುರ್ವಿನೀತನು ಕಟ್ಟಿಸಿದನು’ ಎಂದು ಬರೆದುಕೊಳ್ಳುವುದಿಲ್ಲ. ‘ದುರ್ವಿನೀತನು ಕಟ್ಟಿಸಿದನೆಂದು 1055ರಲ್ಲಿ ಕೋಗಳಿಯವರು ನಂಬಿದ್ದರು’ ಎಂದು ಬರೆದುಕೊಳ್ಳುತ್ತಾನೆ. ಈ ಎರಡು ವಾಕ್ಯಗಳ ಅಂತರವೇ ಇತಿಹಾಸ ಮತ್ತು ಐತಿಹ್ಯಗಳ ಅಂತರ. ‘ಸ್ಯಾತ್’ ಎಂಬ ಪದವನ್ನು ತರ್ಕಶಾಸ್ತ್ರಕ್ಕೆ ಕೊಟ್ಟ ಪರಂಪರೆಗೆ ಇದನ್ನು ವಿವರಿಸಬೇಕಾಗಿಲ್ಲ. ಅನೇಕಾಂತವೆಂದರೆ ಎಲ್ಲರ ಮಾತೂ ಒಂದೇ ತೂಕದ ನಿಜ ಎಂದಲ್ಲ. ಯಾವ ಮಾತು ಯಾವ ಅಪೇಕ್ಷೆಯಿಂದ ನಿಜ ಎಂಬುದನ್ನು ಹೇಳಲೇಬೇಕು ಎಂದು. ಸಭೆಗಳಲ್ಲಿ ಮೊದಲನೆಯ ಅರ್ಥವೇ ಹೆಚ್ಚಾಗಿ ಕೇಳಿಬರುತ್ತದೆ ಎಂಬುದು ಬೇರೆ ಮಾತು.

ಕೋಗಳಿಯ ಚೆನ್ನಪಾರ್ಶ್ವನಾಥನಿಗೆ ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ರಾಮನಾಥನ ಕಾಲದಲ್ಲೂ ಹೊನ್ನಿನ ದಾನಗಳು ನಡೆದುವು. ಶಾಸನಗಳು ದಾನಿಯ ಹೆಸರು, ಗುರುವಿನ ಹೆಸರು, ಭೂಮಿಯಾದರೆ ಅದರ ಎಲ್ಲೆ, ಕೊನೆಗೆ ಧರ್ಮವನ್ನು ಕೆಡಿಸಿದವರಿಗೆ ಶಾಪ, ಇವುಗಳನ್ನು ಬಿಡದೆ ಹೇಳುತ್ತವೆ. ಆ ಭೂಮಿಯನ್ನು ಉತ್ತವನು ಯಾರು, ಬರ ಬಂದ ವರ್ಷ ಅವನ ಮನೆಯಲ್ಲಿ ಏನಾಯಿತು, ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಹೂವಿನಹಡಗಲಿ, ಬಾಗಳಿ, ನೀಲಗುಂದ, ಮಾಗಳಗಳ ದೇವಾಲಯಗಳನ್ನು ಅಳೆದು ಚಿತ್ರಿಸಿ ಅಲೆಕ್ಸಾಂಡರ್ ರೀ ಅವರು 1896ರಲ್ಲಿ ಚಾಲುಕ್ಯ ವಾಸ್ತುಶಿಲ್ಪದ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಕಂಬದ ಒಂದೊಂದು ಅಂಚೂ ಅಲ್ಲಿದೆ, ಕಲ್ಲು ಹೊತ್ತವನಿಲ್ಲ. ಇದು ರೀ ಅವರ ತಪ್ಪಲ್ಲ, ಆಕರಗಳ ಸ್ವಭಾವ.

ಅಳಿಸಿಹೋದ ಮಾತೂ ಉಂಟು. ಶ್ರವಣಬೆಳಗೊಳದ ದೊಡ್ಡಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದಲ್ಲಿ ಚಾವುಂಡರಾಯನ ಶಾಸನ ನಾಲ್ಕೂ ಮುಖಗಳಲ್ಲಿತ್ತು. ಈಗ ಉಳಿದಿರುವುದು ಒಂದೇ ಮುಖ. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬವನು ಯಕ್ಷನ ಮೂರ್ತಿಯನ್ನು ಮಾಡಿಸಿ, ಅದನ್ನು ತಿಳಿಸುವ ಎರಡೂವರೆ ಸಾಲುಗಳಿಗಾಗಿ ಉಳಿದ ಮೂರು ಮುಖಗಳ ಬರಹವನ್ನು ಒರಸಿಹಾಕಿಸಿದನು. ಅವನು ಶತ್ರುವಲ್ಲ, ಪರಮತದವನೂ ಅಲ್ಲ, ಭಕ್ತ. ಇತಿಹಾಸ ನಾಶವಾಗುವುದು ದ್ವೇಷದಿಂದಲೇ ಎಂದು ನಂಬಿದವರು ಈ ಕಂಬದ ಬಳಿ ಸ್ವಲ್ಪ ಹೊತ್ತು ನಿಲ್ಲುವುದೊಳ್ಳೆಯದು.

ಶಾಸನ ಬಿಟ್ಟ ತೆರವನ್ನು ತುಂಬಲು ಬರುವುದು ಐತಿಹಾಸಿಕ ಕಾದಂಬರಿ. ಈ ಸೀಮೆಯ ಭಾಗ್ಯವೆಂದರೆ ಅದನ್ನು ಬರೆದವರು ಹೊರಗಿನವರಲ್ಲ. ಕೊಟ್ಟೂರಿನಲ್ಲಿ 1953ರಲ್ಲಿ ಜನಿಸಿದ ಕುಂ. ವೀರಭದ್ರಪ್ಪನವರ ‘ಅರಮನೆ’ ಪಾಳೆಯಗಾರಿಕೆ ಕುಸಿದು ಕಂಪನಿಯ ಆಳ್ವಿಕೆ ಬೇರೂರಿದ ಕಾಲವನ್ನು, ಥಾಮಸ್ ಮನ್ರೋನನ್ನೂ ಪಾತ್ರವಾಗಿಸಿಕೊಂಡು ಚಿತ್ರಿಸುತ್ತದೆ. ಅದಕ್ಕೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನ್ರೋ ಇತಿಹಾಸದಲ್ಲಿಯೂ ಇದ್ದಾನೆ: 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಗಳಿಗೆ ಮುಖ್ಯ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದು, ಪಾಳೆಯಗಾರರನ್ನು ಅಡಗಿಸಿ, ರೈತವಾರಿ ಪದ್ಧತಿಗೆ ತಳಹದಿ ಹಾಕಿದವನು. ಗ್ಲೀಗ್ ಎಂಬ ಲೇಖಕನು ಅವನ ಪತ್ರಗಳನ್ನು ಸೇರಿಸಿ 1830ರಲ್ಲಿ ಜೀವನಚರಿತ್ರೆಯನ್ನು ಬರೆದನು. ಆ ಪತ್ರಗಳಲ್ಲಿ ಪಾಳೆಯಗಾರರೆಂದರೆ ಅವ್ಯವಸ್ಥೆ, ವಸೂಲಾಗದ ಕಂದಾಯ. ಕಾದಂಬರಿಯಲ್ಲಿ ಅದೇ ಜನಕ್ಕೆ ಹಸಿವಿದೆ, ಹೆಮ್ಮೆಯಿದೆ, ಮೈಮೇಲೆ ಬರುವ ದೇವಿಯಿದ್ದಾಳೆ, ನಗೆಯಿದೆ. ಪತ್ರಗಳನ್ನೇ ಓದಿದವನು ಆಡಳಿತವನ್ನು ಅರಿಯುತ್ತಾನೆ, ಜನರನ್ನು ಅರಿಯನು. ಕಾದಂಬರಿಯನ್ನೇ ಓದಿದವನು ಕಲ್ಪನೆಯ ಮನ್ರೋನನ್ನೇ ಕಲೆಕ್ಟರ್ ಮನ್ರೋನೆಂದು ತಿಳಿದು ವಾದಕ್ಕೆ ನಿಲ್ಲುತ್ತಾನೆ.

ಇವೆರಡರ ನಡುವೆ ಮೂರನೆಯದೊಂದು ಆಕರವಿದೆ, ಅದು ಕೈಫಿಯತ್ತು. ಕರ್ನಲ್ ಮೆಕೆಂಜಿಯು ಊರೂರಿನ ಶ್ಯಾನುಭೋಗರಿಂದ, ಹಿರಿಯರಿಂದ ಬರೆಯಿಸಿಕೊಂಡ ಸ್ಥಳೀಯ ವೃತ್ತಾಂತಗಳಿವು. ಅವನಿಗೆ ನೆರವಾದವರಲ್ಲಿ ಮಲೆಯೂರಿನ ಜೈನ ಪಂಡಿತರಿದ್ದರು. ಅವರಲ್ಲಿ ದೇವಚಂದ್ರನು ಮುಂದೆ ‘ರಾಜಾವಳಿ ಕಥೆ’ಯನ್ನು ಬರೆದವನು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳ ಸಂಪುಟವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿತು. ಅದೇ ವಿಶ್ವವಿದ್ಯಾಲಯ ಬಳ್ಳಾರಿ ಜಿಲ್ಲೆಯ ಶಾಸನಗಳ ಸಂಪುಟವನ್ನೂ ಹೊರತಂದಿರುವುದರಿಂದ ಕೂಡ್ಲಿಗಿಯ ವಾಚಕನು ಇಂದು ಮದರಾಸಿನ ಕಡೆ ನೋಡಬೇಕಾಗಿಲ್ಲ.

ಕಾದಂಬರಿಯ ಪಕ್ಷಪಾತ ಎಷ್ಟು ಹಿತವಾಗಿರುತ್ತದೆಂಬುದನ್ನು ತಿಳಿಯಲು ಹರಪನಹಳ್ಳಿಯವರು ತ.ರಾ. ಸುಬ್ಬರಾಯರನ್ನು ಓದಬೇಕು. ಚಿತ್ರದುರ್ಗದ ನಾಯಕರ ಕುರಿತ ಅವರ ಕಾದಂಬರಿಮಾಲೆಯ ಕೊನೆಯದಾದ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ, ಅವರ ಮರಣಾನಂತರ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಆ ಮಾಲೆಯ ಕಣ್ಣು ದುರ್ಗದ ಕಣ್ಣು. ಇತಿಹಾಸದಲ್ಲಿ ಚಿತ್ರದುರ್ಗಕ್ಕೂ ಹರಪನಹಳ್ಳಿಗೂ ನೆಂಟಸ್ತನವೂ ಹಗೆತನವೂ ಬೆಳೆದು ಬಂದವು. 1748ರ ಸುಮಾರಿಗೆ ಮಾಯಕೊಂಡದ ಕಾಳಗದಲ್ಲಿ ದುರ್ಗದ ಹಿರಿಯ ಮದಕರಿನಾಯಕನು ಮಡಿದಾಗ ಎದುರು ಪಡೆಗಳಲ್ಲಿ ಹರಪನಹಳ್ಳಿಯ ಸೋಮಶೇಖರ ನಾಯಕನ ಪಡೆಯೂ ಇತ್ತು. ಒಂದು ಊರಿಗೆ ಅದು ಸೂತಕ, ಇನ್ನೊಂದು ಊರಿಗೆ ವಿಜಯ. ತ.ರಾ.ಸು. ಅವರ ಬರವಣಿಗೆಯ ಶಕ್ತಿ ಎಂಥದೆಂದರೆ ಹರಪನಹಳ್ಳಿಯ ವಾಚಕನೂ ದುರ್ಗದ ಕಡೆ ನಿಂತು ಮರುಗುತ್ತಾನೆ. ಇದೊಂದು ದೊಡ್ಡ ಗುಣ. ತನ್ನ ಊರಿನ ಎದುರಾಳಿಗಾಗಿ ಮರುಗಲು ಕಲಿಸುವ ವಿದ್ಯೆ ಕಾದಂಬರಿಯ ಹೊರತು ಬೇರೆ ಯಾವ ಬರಹಕ್ಕೂ ಅಷ್ಟು ಸುಲಭವಾಗಿ ಸಿದ್ಧಿಸಿಲ್ಲ. ಆದರೆ ಉಚ್ಚಂಗಿಯಲ್ಲಿ ಸೋತ ನೊಳಂಬರಿಗೆ ಇಂಥ ಕಾದಂಬರಿಕಾರ ಸಿಕ್ಕಿದ್ದರೆ ಜೈನ ಓದುಗರು ಅದನ್ನು ಯಾವ ಮನಸ್ಸಿನಿಂದ ಓದುತ್ತಿದ್ದರು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಆತ್ಮಕಥೆಯ ಮಾತು ಬೇರೆ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು, ಅಂದರೆ ಬೀchi ಎಂದೇ ನಾಡಿಗೆ ಪರಿಚಿತರಾದ ಹಾಸ್ಯಲೇಖಕರು, ತಮ್ಮ ಬಾಳಿನ ಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ನಗಿಸುವ ಆ ಹೆಸರಿನ ಒಳಗೇ ಭಯವಿದೆ. ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ವನ್ನು ಓದಿದ ಮೇಲೆ ಅವರ ಮನಸ್ಸು ಕನ್ನಡದ ಕಡೆ ತಿರುಗಿತೆಂಬುದು ಪ್ರಸಿದ್ಧ ಸಂಗತಿ, ಒಂದು ಕಾದಂಬರಿಯ ಓದು ಒಬ್ಬ ಲೇಖಕನನ್ನೇ ಕೊಟ್ಟಿತು. ಕುಂ. ವೀರಭದ್ರಪ್ಪನವರ ಆತ್ಮಕಥೆಯ ಹೆಸರು ‘ಗಾಂಧಿ ಕ್ಲಾಸು’. ಅಗ್ಗದ ದರ್ಜೆಗೆ ಜನರಿಟ್ಟ ಹೆಸರನ್ನೇ ಅವರು ತಮ್ಮ ಬಾಳಿಗೆ ಇಟ್ಟುಕೊಂಡರು. ಗಡಿಯಾಚೆಯ ಆಂಧ್ರದ ಹಳ್ಳಿಗಳಲ್ಲಿ ಶಿಕ್ಷಕರಾಗಿದ್ದ ಲೇಖಕರ ಈ ಪುಸ್ತಕವನ್ನು ‘ಅರಮನೆ’ಯ ಜೊತೆಗಿಟ್ಟು ಓದಿದರೆ, ಕಾದಂಬರಿಯ ಹಸಿವಿಗೆ ಕಸುವು ಎಲ್ಲಿಂದ ಬಂದಿತೆಂಬುದು ತಾನಾಗಿ ತಿಳಿಯುತ್ತದೆ.

ಆತ್ಮಕಥೆ ಎಷ್ಟು ಪ್ರಾಮಾಣಿಕವಾಗಿರಬಲ್ಲದು ಎಂಬುದಕ್ಕೆ ಜೈನ ಪರಂಪರೆಯೊಳಗೇ ಒಂದು ಮೇಲ್ಪಂಕ್ತಿಯಿದೆ. ಜೌನಪುರದ ಶ್ರೀಮಾಲ ವ್ಯಾಪಾರಿ ಬನಾರಸೀದಾಸನು 1641ರಲ್ಲಿ ಆಗ್ರಾದಲ್ಲಿ ಬರೆದ ‘ಅರ್ಧಕಥಾನಕ’ವೇ ಅದು. ಮನುಷ್ಯಾಯುಷ್ಯ ನೂರಹತ್ತು ವರ್ಷವೆಂದೆಣಿಸಿ, ತನಗೆ ಐವತ್ತೈದು ತುಂಬಿದಾಗ ಬರೆದುದರಿಂದ ಆ ಹೆಸರು. 1605ರಲ್ಲಿ ಅಕ್ಬರನು ಸತ್ತನೆಂದು ಚರಿತ್ರೆಯ ಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತವೆ. ಬನಾರಸೀದಾಸನ ಪುಸ್ತಕದಲ್ಲಿ ಆ ಸುದ್ದಿ ಕೇಳಿದ ತರುಣನು ಮೆಟ್ಟಿಲಿನಿಂದ ಉರುಳಿ ಹಣೆ ಒಡೆದುಕೊಳ್ಳುತ್ತಾನೆ. ಜೌನಪುರದ ಅಂಗಡಿಗಳು ಮುಚ್ಚುತ್ತವೆ. ಜನರು ಒಡವೆಗಳನ್ನು ನೆಲದಲ್ಲಿ ಹೂಳಿ ಒರಟು ಬಟ್ಟೆ ಉಡುತ್ತಾರೆ. ಹೊಸ ಬಾದಶಹನು ಪಟ್ಟಕ್ಕೆ ಬಂದನೆಂಬ ಪತ್ರ ಬಂದ ಮೇಲೆ ಊರು ಮತ್ತೆ ಉಸಿರಾಡುತ್ತದೆ. ಅವನು ಸೋತ ವ್ಯಾಪಾರವನ್ನೂ, ತಾರುಣ್ಯದಲ್ಲಿ ಬರೆದ ಶೃಂಗಾರಕಾವ್ಯವನ್ನು ಗೋಮತಿಗೆ ಎಸೆದುದನ್ನೂ, ಹುಟ್ಟಿದ ಒಂಬತ್ತು ಮಕ್ಕಳೂ ತೀರಿಹೋದುದನ್ನೂ ಮರೆಮಾಚುವುದಿಲ್ಲ. ಕೊನೆಗೆ ತನ್ನ ಗುಣಗಳ ಜೊತೆಗೆ ದೋಷಗಳನ್ನೂ ಪಟ್ಟಿಮಾಡುತ್ತಾನೆ. ತನ್ನ ಬಿರುದುಗಳನ್ನು ತಾನೇ ಪುರಾಣದಲ್ಲಿ ದಾಖಲಿಸಿದ ಚಾವುಂಡರಾಯನನ್ನೂ ತನ್ನ ದೋಷಗಳನ್ನು ತಾನೇ ದಾಖಲಿಸಿದ ಬನಾರಸೀದಾಸನನ್ನೂ ಒಂದೇ ವಾರದಲ್ಲಿ ಓದಿದವನಿಗೆ, ಶ್ರಾವಕನು ತನ್ನನ್ನು ತಾನು ಬಣ್ಣಿಸಿಕೊಳ್ಳಲು ಎರಡು ದಾರಿಗಳಿದ್ದುವೆಂಬುದು ಮನವರಿಕೆಯಾಗುತ್ತದೆ. ಬನಾರಸೀದಾಸನಿಗೆ ಕಾಯಬೇಕಾದ ರಾಜ್ಯವಿರಲಿಲ್ಲ, ನಿಜ. ಪ್ರಾಂಜಲತೆ ಅವನಿಗೆ ಅಗ್ಗವಾಗಿ ದೊರಕಿತು ಎನ್ನುವವರೂ ಇರಬಹುದು. ಒಂಬತ್ತು ಮಕ್ಕಳ ಲೆಕ್ಕ ಬರೆದವನ ವಿಷಯದಲ್ಲಿ ಆ ಮಾತು ಒಪ್ಪತಕ್ಕದ್ದಲ್ಲ.

ಮಾರಸಿಂಹನು ಬಂಕಾಪುರದ ಆ ಮೂರು ದಿನಗಳಲ್ಲಿ ಉಚ್ಚಂಗಿಯನ್ನು ನೆನೆದನೇ? ಆಲೋಚನೆ, ಪ್ರತಿಕ್ರಮಣಗಳಿಲ್ಲದೆ ಸಲ್ಲೇಖನವಿಲ್ಲ. ಗುರುವಿನ ಮುಂದೆ ಹಿಂದಿನ ದೋಷಗಳನ್ನು ಹೇಳಿಕೊಳ್ಳುವುದು ಆ ವ್ರತದ ಅಂಗ. ಅಜಿತಸೇನರ ಮುಂದೆ ಅವನು ಏನು ಹೇಳಿದನೆಂಬುದನ್ನು ಯಾವ ಕಂಬವೂ ಬರೆದಿಲ್ಲ. ಇತಿಹಾಸಕಾರನು ಇಲ್ಲಿ ನಿಲ್ಲಬೇಕು. ಕಾದಂಬರಿಕಾರನು ಇಲ್ಲಿಂದ ಹೊರಡಬಹುದು. ಓದುಗನು ಇಬ್ಬರನ್ನೂ ಬಲ್ಲವನಾದರೆ, ಯಾರ ಮಾತು ಎಲ್ಲಿ ಮುಗಿಯಿತು, ಯಾರ ಮಾತು ಎಲ್ಲಿ ಮೊದಲಾಯಿತು ಎಂಬುದನ್ನು ಗುರುತಿಟ್ಟುಕೊಳ್ಳುತ್ತಾನೆ.

ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದಲ್ಲಿ ಉಚ್ಚಂಗೆಮ್ಮನ ದರ್ಶನಕ್ಕೆ ಸುತ್ತಣ ಜಿಲ್ಲೆಗಳ ಜನ ಬೆಟ್ಟವೇರುತ್ತಾರೆ. ಅವರಲ್ಲಿ ನೊಳಂಬರ ಹೆಸರನ್ನು ಕೇಳಿದವರು ವಿರಳ. ಹಡಗಲಿ, ಹರಪನಹಳ್ಳಿಗಳ ಶ್ರಾವಕ ಮನೆಗಳಿಂದ ಶ್ರವಣಬೆಳಗೊಳಕ್ಕೆ ಹೋದವರು ಚಿಕ್ಕಬೆಟ್ಟದ ದಕ್ಷಿಣ ದ್ವಾರದಲ್ಲಿ ಕೂಗೆ ಬ್ರಹ್ಮದೇವರ ಕಂಬವನ್ನು ಹಾದು ಬಸದಿಗಳ ಕಡೆಗೆ ನಡೆಯುತ್ತಾರೆ. ಆ ಕಂಬದ ಹಳಗನ್ನಡ ಅಕ್ಷರಗಳ ನಡುವೆ, ಅವರು ಹಿಂದೆ ಬಿಟ್ಟು ಬಂದ ಬೆಟ್ಟದ ಹೆಸರಿದೆ.